ಬಾಕಿ ಉಳಿದ ಷಡ್ಜ

ಸಿಂಧನೂರು
8 ಸೆಪ್ಟೆಂಬರ್ 2024

ಅತೀಯಾ,

ನಿನ್ನ ಸಿಟ್ಟು ಎಲ್ಲಿಗೆ ಬಂದು ನಿಂತಿದೆಯೋ ತಿಳಿಯದು. ಆದರೂ ನಿನಗೆ ಸಲಾಮು, ಇಲಿಯಾಸ್ ಭಾಯಿಗೆ ಸಲಾಮು, ನಿನ್ನ ಅತ್ತೆ ಹುಸೇನ್‌ಬೀ ಅವರ ಮೊಣಕಾಲು ನೋವಿಗೂ ಒಂದು ಸಲಾಮು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಏಳು ವರ್ಷವಾಯಿತು. ಅಂಚೆಯಣ್ಣನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಪತ್ರ. ಹರಿದು ಹಾಕುವ ಮೊದಲು ಒಂದು ಸಲ ಓದು ನಮ್ಮವ್ವಾ.

ಹೋದ ರವಿವಾರ ಮಸ್ಕಿಗೆ ಹೋಗಿದ್ದೆ, ವೀರಭದ್ರಮ್ಮ ಟೀಚರ್ ಮನೆಗೆ. ಅದೇ ಓಣಿ, ಅದೇ ನೀಲಿ ಬಾಗಿಲು, ಹಿಂದೆ ಅದೇ ಗುಡ್ಡ. ನಾವಿಬ್ಬರೂ ಲಂಗ ಹಾಕಿಕೊಂಡು ಹಾಡು ಕಲಿಯುತ್ತಿದ್ದ ಪಡಸಾಲೆಯಲ್ಲಿ ಅವರು ಒಬ್ಬರೇ ಕುಳಿತಿದ್ದರು. ನಾನು ಬಾಗಿಲಲ್ಲಿ ನಿಂತು "ಟೀಚರ್" ಎಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ, ಆಗಲೂ ತಿರುಗಲಿಲ್ಲ. ಹೋಗಿ ಮುಂದೆ ನಿಂತಾಗ ನಕ್ಕರು. "ಕಿವಿ ಹೊಂಟಾವವ್ವಾ. ಬಲಗಿವಿ ಹೋಗೇಬಿಟ್ಟೈತಿ, ಎಡಗಿವ್ಯಾಗ ಒಂಚೂರು ಐತಿ. ಡಾಕ್ಟರು ಈ ವರ್ಷ ಅದೂ ಹೋಗ್ತೈತಿ ಅಂದಾನ" ಎಂದರು. ಯಾರೋ ಊರಿಗೆ ಹೊರಟ ಸುದ್ದಿ ಹೇಳಿದಷ್ಟು ಹಗುರಾಗಿ ಹೇಳಿದರು.

ಆಮೇಲೆ ನಿನ್ನನ್ನು ಕೇಳಿದರು. "ಅತೀಯಾ ಮಾರ್ವಾ ರಾಗ ಹಾಡಾಕಿ ಅರ್ಧಕ್ಕ ಎದ್ದು ಹೋದ್ಲು. ಆ ಷಡ್ಜ ಬಾಕಿ ಐತಿ. ಅದೊಂದು ಕೇಳಿ ಕಿವಿ ಮುಚ್ಕೋತೀನಿ" ಎಂದರು.

ಈ ವರ್ಷ ನಮ್ಮ ಸಂಧ್ಯಾ ಸಂಗೀತ ಬಳಗದ ಕಛೇರಿ ನವೆಂಬರ್ ಹತ್ತಕ್ಕೆ. ಅದೇ ದೊಡ್ಡಬಸಪ್ಪನವರ ರೈಸ್‌ಮಿಲ್ಲಿನ ಗೋದಾಮು, ಹೊಸ ಭತ್ತ ಬಂದು ಬೀಳುವ ಮೊದಲು. ಬಂದು ಹಾಡುತ್ತೀಯಾ? ಬಳಗಕ್ಕಾಗಿ ಬೇಡ, ನನಗಾಗಿಯಂತೂ ಬೇಡವೇ ಬೇಡ.

ನಿನ್ನ ಹಳೇ ತಂಬೂರಿಯವಳು,
ಸುಕನ್ಯಾ

•

ಲಿಂಗಸುಗೂರು
21 ಸೆಪ್ಟೆಂಬರ್ 2024

ಸುಕನ್ಯಾ,

ನಿನ್ನ ಪತ್ರ ಅಂಗಡಿಯ ವಿಳಾಸಕ್ಕೆ ಬಂತು. ಮೋಟರ್ ರಿವೈಂಡಿಂಗಿಗೆ ಬಂದ ಗಿರಾಕಿಗಳ ಮುಂದೆಯೇ ಇಲಿಯಾಸ್ ಅದನ್ನು ಎತ್ತಿ ಹಿಡಿದು, "ನೋಡ್ರಪಾ, ನಮ್ಮ ಬೇಗಂಗ ಖತ್ ಬಂದೈತಿ! ಬ್ಯಾಂಕಿಂದಲ್ಲ, ಕೆಇಬಿಯಿಂದಲ್ಲ, ಖರೇ ಖರೇ ಖತ್!" ಎಂದು ಎಲ್ಲರಿಗೂ ತೋರಿಸಿದ. ನಾನು ಕಸಿದುಕೊಂಡು ಒಳಗೆ ಹೋದೆ. ಓದಿದೆ. ಹರಿಯಲಿಲ್ಲ.

ಟೀಚರ್ ಕಿವಿಯ ಸುದ್ದಿ ಓದಿ ಅಳು ಬಂತು. ಆದರೆ ನಾನು ಬರುವುದಿಲ್ಲ.

ಏಳು ವರ್ಷದ ಹಿಂದಿನ ಆ ಕಛೇರಿಯ ಸಂಜೆ ನಿನಗೆ ಮರೆತಿರಬಹುದು, ನೆನಪು ಮಾಡುತ್ತೇನೆ. ಮಾರ್ವಾದಲ್ಲಿ ‘ಸ’ ಎಂದು ಷಡ್ಜವನ್ನು ಸುಮ್ಮನೆ ಮುಟ್ಟುವಂತಿಲ್ಲ. ಸುತ್ತ ಸುತ್ತಬೇಕು, ಹತ್ತಿರ ಹೋಗಿ ಹಿಂದೆ ಬರಬೇಕು, ಕೇಳುವವರ ಜೀವ ಅದಕ್ಕಾಗಿ ಚಡಪಡಿಸಬೇಕು. ಸೂರ್ಯ ಮುಳುಗುವ ಹೊತ್ತಿನ ರಾಗ ಅದು. ಗೋದಾಮಿನ ಪಶ್ಚಿಮದ ಬಾಗಿಲಿನಿಂದ ಬೆಳಕು ಬಂದು ಜಮಖಾನೆಯ ಮೇಲೆ ಬಿದ್ದಿತ್ತು, ಮುಂದಿನ ಸಾಲಿನಲ್ಲಿ ಟೀಚರ್ ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಮೇಲಿನ ರಿಷಭದ ಮೇಲೆ ನಿಂತಿದ್ದೆ, ಇನ್ನೊಂದು ಉಸಿರಿಗೆ ಷಡ್ಜಕ್ಕೆ ಇಳಿಯುವವಳಿದ್ದೆ. ಆಗ ಹಿಂದೆ ತಂಬೂರಿ ನಿಂತುಹೋಯಿತು. ಮೈಕಿನಲ್ಲಿ ನಿನ್ನ ದನಿ ಬಂತು, "ಮುಖ್ಯ ಅತಿಥಿಗಳು ಆಗಮಿಸಿದ್ದಾರೆ, ಗಾಯಕಿಯವರು ಒಂದು ನಿಮಿಷ ಸಹಕರಿಸಬೇಕು." ಯಾರೋ ಹೆಗಲ ಮೇಲೆ ಶಾಲು ಹಾಕಿದರು. ನನ್ನ ಬಾಯಿ ಇನ್ನೂ ತೆರೆದೇ ಇತ್ತು ಸುಕನ್ಯಾ. ಆ ಫೋಟೋ ನಿಮ್ಮ ಬಳಗದ ಆಲ್ಬಮ್ಮಿನಲ್ಲಿ ಇರಬೇಕು.

ಯಾರದೋ ಶಾಲು ಆಗಿದ್ದರೆ ಮರೆಯುತ್ತಿದ್ದೆ. ತಂಬೂರಿ ಇಳಿಸಿದವಳು ನೀನು.

ಅತೀಯಾ

•

ಸಿಂಧನೂರು
2 ಅಕ್ಟೋಬರ್ 2024

ಅತೀಯಾ,

ಹೌದು, ತಂಬೂರಿ ಇಳಿಸಿದ್ದು ನಾನೇ, ಮೈಕ್ ಹಿಡಿದದ್ದೂ ನಾನೇ. ಮತ್ತೇನು ಮಾಡಬೇಕಿತ್ತು ಹೇಳು? ನಾಲ್ಕಕ್ಕೆ ಬರಬೇಕಾದ ಮನುಷ್ಯ ಐದೂವರೆಗೆ ಬಂದ. ಅವನಿಗೆ ಮಸ್ಕಿಯಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು, ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಅಧ್ಯಕ್ಷ ದೊಡ್ಡಬಸಪ್ಪನವರು ಕಣ್ಸನ್ನೆಯ ಮೇಲೆ ಕಣ್ಸನ್ನೆ ಮಾಡುತ್ತಿದ್ದರು. ಕಾರ್ಯದರ್ಶಿ ಅಂದರೆ ಹಾಡು ಕೇಳುವವಳಲ್ಲ ತಾಯಿ, ಕುರ್ಚಿ ಎಣಿಸುವವಳು, ಚಹಾ ತರಿಸುವವಳು, ದೊಡ್ಡವರ ಮುಖ ಕಾಯುವವಳು. ನೀನು ಒಂದು ನಿಮಿಷ ನಿಂತು, ಶಾಲು ಪಕ್ಕಕ್ಕಿಟ್ಟು ಮುಂದುವರಿಸಬಹುದಿತ್ತು. ಚಪ್ಪಲಿಯನ್ನೂ ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟೆ. ಆ ಚಪ್ಪಲಿ ಇವತ್ತಿಗೂ ನನ್ನ ಮನೆಯಲ್ಲಿದೆ.

ಬೈದು ಮುಗಿಯಿತು. ಈಗ ಬೇರೆ ಹೇಳುತ್ತೇನೆ.

ನಿನ್ನೆ ಸಂಜೆ ಗೋದಾಮು ನೋಡಲು ಹೋಗಿದ್ದೆ. ಹಳೇ ಫಸಲೆಲ್ಲ ಹೋಗಿ ಖಾಲಿಯಾಗಿದೆ. ಎತ್ತರದ ಕಿಂಡಿಗಳಿಂದ ಬಿಸಿಲು ಬೀಳುತ್ತಿತ್ತು. ಅದರಲ್ಲಿ ಭತ್ತದ ಧೂಳು ಬಹಳ ಸಾವಕಾಶ ಇಳಿಯುತ್ತಿತ್ತು, ಇಳಿಯುತ್ತಲೇ ಇತ್ತು. ನಾನು ಯಾರೂ ಇಲ್ಲವೆಂದು ಒಂದು ಸ್ವರ ಹಾಕಿದೆ. ಗೋಡೆಯಿಂದ ಗೋಡೆಗೆ ಹೋಗಿ ಅದು ನನ್ನ ಬಳಿಗೇ ತಿರುಗಿ ಬಂತು, ನನಗಿಂತ ಚಿಕ್ಕ ಹುಡುಗಿಯ ದನಿಯಾಗಿ. ಮಸ್ಕಿಯಿಂದ ತಿರುಗಿ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ನಾವು ಇಂಜಿನ್ನಿನ ಗುರುಗುರು ಸದ್ದನ್ನೇ ಶ್ರುತಿ ಮಾಡಿಕೊಂಡು ಹಾಡುತ್ತಿದ್ದೆವಲ್ಲ, ಅದು ನೆನಪಾಯಿತು. ಕಿಟಕಿಯ ಹೊರಗೆ ಕಾಲುವೆ ನಮ್ಮ ಜೊತೆಗೇ ಓಡುತ್ತಿತ್ತು. ನೀನು ಹಾಡಲು ಶುರುಮಾಡಿದರೆ ಕಂಡಕ್ಟರ್ ಟಿಕೆಟ್ ಕೇಳುವುದನ್ನೂ ಮರೆಯುತ್ತಿದ್ದ. ಆ ಗೋದಾಮಿನಲ್ಲಿ ನಿಂತು ನಾನು ಬಹಳ ಹೊತ್ತು ನಿನ್ನನ್ನು ನೆನೆದೆ. ನೀನಿಲ್ಲದೆ ನನಗೆ ಬೇಜಾರು ಅತೀಯಾ, ಏಳು ವರ್ಷದಿಂದ ಬೇಜಾರು.

ಒಂದು ಮಾತು ಖರೇ ಹೇಳಿಬಿಡುತ್ತೇನೆ. ಈ ವರ್ಷವೂ ಮುಖ್ಯ ಅತಿಥಿ ಇದ್ದಾರೆ. ಈ ವರ್ಷವೂ ಶಾಲುಗಳು ಬಂದಿವೆ. ನಮ್ಮ ಊರಲ್ಲಿ ಸನ್ಮಾನವಿಲ್ಲದ ಸಂಗೀತ ಇನ್ನೂ ಹುಟ್ಟಿಲ್ಲ. ಮೈಕಿನವನಿಗೂ ಶಾಲು, ಜಮಖಾನೆ ಕೊಟ್ಟವರಿಗೂ ಶಾಲು. ನಮ್ಮ ಮನೆಯಲ್ಲಿ ಅವು ಎಷ್ಟಾಗಿವೆಯೆಂದರೆ ಕುಕ್ಕರ್ ಇಳಿಸಲೂ ಅವೇ.

ಸುಕನ್ಯಾ

•

ಲಿಂಗಸುಗೂರು
14 ಅಕ್ಟೋಬರ್ 2024

ಸುಕನ್ಯಾ,

ಕುಕ್ಕರಿನ ಮಾತು ಓದಿ ನಕ್ಕೆ. ನಕ್ಕದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ನಿನಗೆ ಹೇಳದೆ ಮಸ್ಕಿಗೆ ಹೋಗಿದ್ದೆ. ಟೀಚರ್ ನನ್ನನ್ನು ಕಂಡು ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ತಂಬೂರಿಯ ಗವಸು ಬಿಚ್ಚಿ ನನ್ನ ಮುಂದೆ ಇಟ್ಟರು. ಶ್ರುತಿ ಮಾಡಿ ಮೀಟಿದೆ. ಅವರು ಅಂಗೈಯನ್ನು ತಂಬೂರಿಯ ಬುರುಡೆಯ ಮೇಲೆ ಇಟ್ಟುಕೊಂಡು ಕುಳಿತರು. ಸ್ವಲ್ಪ ಹೊತ್ತಿಗೆ, "ಜೋಡಿ ತಂತಿ ಕೂಡಿಲ್ಲ, ಇನ್ನೊಂದೀಟು ಏರ್ಸು" ಎಂದರು. ನಾನು ಏರಿಸಿದೆ. "ಹಾಂ, ಈಗ ಕೈಯಾಗ ಬಂತು ನೋಡು" ಎಂದು ನಕ್ಕರು. ಸುಕನ್ಯಾ, ಅವರು ಅಂಗೈಯಿಂದ ಕೇಳುತ್ತಾರೆ ಈಗ. ಹಾಡುವವರ ಸ್ವರ ತಂತಿಯ ಸ್ವರಕ್ಕೆ ಸರಿಯಾಗಿ ಕೂಡಿದರೆ ಬುರುಡೆ ಒಳಗಿನಿಂದ ತುಂಬಿಕೊಳ್ಳುತ್ತದಂತೆ. ಕೂಡದಿದ್ದರೆ ಬರೀ ಕಟ್ಟಿಗೆಯಂತೆ.

"ಹಾಡು" ಎಂದರು. ಮಾರ್ವಾ ಶುರುಮಾಡಿದೆ. ಎಲ್ಲ ಬಂತು. ಮೇಲಿನ ರಿಷಭದವರೆಗೆ ಬಂದೆ. ಅಲ್ಲಿಂದ ಇಳಿಯಬೇಕೆನ್ನುವಷ್ಟರಲ್ಲಿ ಹೆಗಲ ಮೇಲೆ ಶಾಲು ಬಿದ್ದಂತಾಯಿತು. ಶಾಲು ಇರಲಿಲ್ಲ, ಯಾರೂ ಇರಲಿಲ್ಲ. ಆದರೂ ಆ ಭಾರ ಬಂತು, ಸ್ವರ ಅಲ್ಲೇ ನಿಂತಿತು. ಇದು ಹೊಸದಲ್ಲ. ಅಂಗಡಿಯಲ್ಲಿ ದುರಸ್ತಿಯಾದ ಮೋಟರನ್ನು ಇಲಿಯಾಸ್ ಚಾಲೂ ಮಾಡಿದಾಗ ಅದರ ಗುಂಯ್ ಸದ್ದಿಗೆ ಹೊಂದಿಸಿ ನಾನು ಹಾಡಿಕೊಳ್ಳುತ್ತೇನೆ. ಆಗಲೂ ಅಲ್ಲಿಗೇ ಬಂದು ನಿಲ್ಲುತ್ತದೆ. ಏಳು ವರ್ಷದಿಂದ ಆ ಷಡ್ಜ ನನ್ನ ಬಾಯಿಂದ ಬಂದಿಲ್ಲ. ನಾನು ಸಿಟ್ಟಿಗೆ ಹಾಡುತ್ತಿಲ್ಲ ಎಂದು ನೀವೆಲ್ಲ ತಿಳಿದಿದ್ದೀರಿ. ನನಗೆ ಹಾಡಲು ಆಗುತ್ತಿಲ್ಲ.

ಮತ್ತೆ ಅದೇ ಗೋದಾಮು, ಮತ್ತೆ ಶಾಲು ಹಿಡಿದುಕೊಂಡು ನಿಂತ ಜನ. ಬೇಡ ಸುಕನ್ಯಾ. ಟೀಚರ್‌ಗೆ ನೀನೇ ಹೇಳು, ನನಗೆ ಅವರ ಮುಖ ನೋಡಿ ಹೇಳಲು ಆಗಲಿಲ್ಲ.

ಅತೀಯಾ

•

ಮಸ್ಕಿ
20 ಅಕ್ಟೋಬರ್ 2024

ಮಗಳ ಅತೀಯಾ,

ಇದು ನಾನೇ ಬರದದ್ದು, ಅಕ್ಷರ ಸೊಟ್ಟ ಆಗ್ಯಾವ, ಸಂಭಾಳಿಸ್ಕೊಂಡು ಓದ್ಕೋ. ಸುಕನ್ಯಾ ಬಂದಿದ್ಲು. ಬಾಯಿ ಆಡ್ಸಿದ್ಲು, ಅತ್ಲು, ಏನಂದ್ಲೋ ನನಗೊಂದೂ ತಿಳೀಲಿಲ್ಲ. ಆಮ್ಯಾಲ ಚೀಟಿ ಬರದು ತೋರ್ಸಿದ್ಲು. ಎಡಗಿವಿನೂ ಹೊಂಟೈತಿ.

ಅವತ್ತು ನೀ ಅರ್ಧಕ್ಕ ಎದ್ದು ಹೋದದ್ದಕ್ಕ ನನಗ ಸಿಟ್ಟಿಲ್ಲ. ಆದ್ರ ರಿಷಭದ ಮ್ಯಾಲ ನನ್ನ ನಿಲ್ಲಿಸಿ ಹೋದೆಲ್ಲ, ನಾ ಇನ್ನೂ ಅಲ್ಲೇ ನಿಂತೀನಿ. ಕಾಲು ನೋಯಾಕತ್ತಾವ. ಬಂದು ಇಳಿಸಿ ಹೋಗು. ನಾ ನಿನ್ನ ಹಿಂದೇ ತಂಬೂರಿ ಹಂತೇಕ ಕುಂದರ್ತೀನಿ. ಬಂದ್ರ ಬರ್ತೈತಿ, ಬರದಿದ್ರ ಇಬ್ರೂ ಕೂಡಿ ಮನಿಗೆ ಬಂದು ಚಹಾ ಕುಡಿಯೋಣು.

ವೀರಭದ್ರಮ್ಮ

•

ಸಿಂಧನೂರು
27 ಅಕ್ಟೋಬರ್ 2024

ಅತೀಯಾ,

ಟೀಚರ್ ನಿನಗೆ ಕಾರ್ಡು ಬರೆದಿದ್ದಾರಂತೆ, ಏನು ಬರೆದರೆಂದು ನನಗೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ.

ನಿನ್ನೆ ಬಳಗದ ಮೀಟಿಂಗ್ ಇತ್ತು. ಹಾಡು ನಡೆದಿರುವಾಗ ಸನ್ಮಾನವಿಲ್ಲ, ಯಾರಿಗೂ ಇಲ್ಲ ಎಂದೆ. ದೊಡ್ಡಬಸಪ್ಪನವರು ಚಹಾ ಕುಡಿಯುವುದನ್ನೇ ನಿಲ್ಲಿಸಿದರು. "ಏನ್ ಮಾತಾಡಾಕತ್ತೀರಿ ಮೇಡಂ? ದೊಡ್ಡೋರು ಬಂದಾಗ ಎದ್ದು ನಿಂದರಬಾರದೇನ್ರೀ?" ಎಂದರು. ನಾನು, "ಅವರು ಬರೋತನಕ ಕಾಯಾಕ ಸೂರ್ಯ ನಮ್ಮ ಬಳಗದ ಮೆಂಬರ್ ಅಲ್ರೀ" ಎಂದೆ. ತಬಲಾ ಮೌಲಾಸಾಬರು ಜೋರಾಗಿ ನಕ್ಕುಬಿಟ್ಟರು. ನಕ್ಕಮೇಲೆ ಗಂಭೀರವಾಗಿ, "ಅವತ್ತು ತಬಲಾದ ಮ್ಯಾಲ ನಂದೂ ಕೈ ಠೇಕಾದಾಗೇ ನಿಂತಿತ್ರೀ ಸಾಹುಕಾರ್ರ. ಅರ್ಧ ಊಟದಾಗ ತಾಟು ಕಸಗೊಂಡಂಗ ಆಗಿತ್ತು" ಎಂದರು. ಮೌಲಾಸಾಬರು ಏಳು ವರ್ಷ ಈ ಮಾತು ಹೇಳಿರಲಿಲ್ಲ. ದೊಡ್ಡಬಸಪ್ಪನವರು ಆರಿಹೋದ ಚಹಾ ಕುಡಿದು ಮುಗಿಸಿದರು. ಕೊನೆಗೆ, "ನೀವು ಏನರ ಮಾಡ್ಕೋರಿ, ಆದ್ರ ಅತಿಥಿಗೆ ನಾ ಹೇಳಂಗಿಲ್ಲ, ನೀವೇ ಹೇಳ್ಬೇಕು" ಎಂದರು.

ಆಯಿತು, ನಾನೇ ಹೇಳುತ್ತೇನೆ. ನೀನು ಆಲಾಪ ಶುರುಮಾಡಿದ ಕೂಡಲೇ ಗೋದಾಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತೇನೆ. ಹಾಕಿ, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಯಾವ ದೊಡ್ಡವರು ಬಂದರೂ ನನ್ನನ್ನು ದಾಟಿಯೇ ಹೋಗಬೇಕು. ಸುತ್ತಲಿನ ಮಿಲ್ಲುಗಳವರೂ ಎಂದಿನಂತೆ ಆ ಹೊತ್ತು ಮಷೀನು ನಿಲ್ಲಿಸಲು ಒಪ್ಪಿದ್ದಾರೆ. ತಂಬೂರಿಗೆ ನನ್ನ ಶಿಷ್ಯೆ ಅಶ್ವಿನಿ ಕೂರುತ್ತಾಳೆ, ಒಳ್ಳೆಯ ಕೈ.

ಸುಕನ್ಯಾ

•

ಲಿಂಗಸುಗೂರು
1 ನವೆಂಬರ್ 2024

ಸುಕನ್ಯಾ,

ಬರುತ್ತೇನೆ. ಮಾರ್ವಾಕ್ಕೆ ಪಂಚಮ ಇಲ್ಲ, ತಂಬೂರಿಯ ಆ ತಂತಿಯನ್ನು ನಿಷಾದಕ್ಕೆ ತರಲು ಅಶ್ವಿನಿಗೆ ಹೇಳು. ನನ್ನ ಹಳೇ ಚಪ್ಪಲಿ ತಂದಿಡು.

ನೀನು ಹೊರಗಿದ್ದರೆ ನಿನಗೆ ಕೇಳಿಸುವುದಿಲ್ಲವಲ್ಲ.

ಅತೀಯಾ

•

ಸಿಂಧನೂರು
12 ನವೆಂಬರ್ 2024

ಅತೀಯಾ,

ಮೊನ್ನೆ ಕಛೇರಿ ಮುಗಿದ ಮೇಲೆ ಚಿಲಕ ತೆಗೆದರೆ ಜನ ಒಮ್ಮೆಲೇ ನುಗ್ಗಿ ಬಂದರು. ಆ ನೂಕುನುಗ್ಗಲಿನಲ್ಲಿ ನಾನು ಒಳಗೆ ಹೋಗುವಷ್ಟರಲ್ಲಿ ಇಲಿಯಾಸ್ ಭಾಯಿ ನಿನ್ನನ್ನೂ ಟೀಚರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಆಗಿತ್ತು. ಟೀಚರ್‌ಗೆ ದಣಿವಾಗಿತ್ತಂತೆ. ನಾನು ತಂದಿಟ್ಟ ಚಪ್ಪಲಿ ಮಾತ್ರ ನೀನು ಹಾಕಿಕೊಂಡು ಹೋಗಿದ್ದೆ, ಅದು ಅಲ್ಲಿಲ್ಲದ್ದನ್ನು ನೋಡಿ ಸಮಾಧಾನವಾಯಿತು.

ಹೊರಗೆ ಏನಾಯಿತೆಂದು ಹೇಳುತ್ತೇನೆ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದೆ. ಮಿಲ್ಲುಗಳೆಲ್ಲ ಒಂದರ ಹಿಂದೆ ಒಂದು ನಿಂತವು. ಯಾವಾಗಲೂ ಸದ್ದಿರುವ ಊರು ಸದ್ದು ಬಿಟ್ಟಾಗ ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತೇ? ಎದುರಿಗೆ ಮಾಗಿದ ಗದ್ದೆ, ಅದರಾಚೆ ಕಾಲುವೆ, ಕಾಲುವೆಯಲ್ಲಿ ಕೆಂಪು ಬೆಳಕು. ಬೆಳ್ಳಕ್ಕಿಗಳು ಜವಳಗೇರಾದ ಕಡೆಗೆ ಸಾಲಾಗಿ ಹೋಗುತ್ತಿದ್ದವು. ನಿನ್ನ ದನಿ ತಗಡಿನ ಬಾಗಿಲನ್ನು ದಾಟಿ ನನ್ನ ಬೆನ್ನಿಗೆ ಬರುತ್ತಿತ್ತು, ಮಾತು ತಿಳಿಯದು, ಬರೀ ಸ್ವರ. ನಾನು ಕುಳಿತಲ್ಲೇ ತೇಲಿದಂತಾಗಿತ್ತು. ನಮ್ಮ ಹಳೇ ಬಸ್ಸು ಆ ಕಾಲುವೆಯ ದಂಡೆಯ ಮೇಲೆ ಬರುತ್ತಿದೆ, ಅದರೊಳಗೆ ನಾವಿಬ್ಬರೂ ಇದ್ದೇವೆ ಎಂದೇ ಅನ್ನಿಸಿತು.

ಬಂದದ್ದು ಬಸ್ಸಲ್ಲ, ಅತಿಥಿಗಳ ಕಾರು. ಎಂದಿನಂತೆ ತಡವಾಗಿ. ಹಿಂಬಾಲಕನೊಬ್ಬ ಮುಂದೆ ಬಂದು, "ಬಾಗಿಲು ತೆಗೀರಿ, ಸಾಹೇಬ್ರು ಬಂದಾರ" ಎಂದ. ನಾನು ಏಳಲಿಲ್ಲ. "ಒಳಗ ಇನ್ನೊಬ್ರು ಬರೋದೈತ್ರೀ, ಅವರು ಬಂದ ಮ್ಯಾಲ ತೆಗೀತೀನಿ" ಎಂದೆ. "ಯಾರು ಬರ್ಬೇಕು?" ಎಂದು ಸಾಹೇಬರೇ ಕೇಳಿದರು. "ಷಡ್ಜ" ಎಂದೆ. ಹಿಂಬಾಲಕ ಸಿಟ್ಟಾದ. ಸಾಹೇಬರು ಮಾತ್ರ ನನ್ನನ್ನೇ ನೋಡಿದರು, ಆಮೇಲೆ ಬಾಗಿಲಿಗೆ ಕಿವಿಗೊಟ್ಟರು. ಅಲ್ಲೇ ಇದ್ದ ಖಾಲಿ ಚೀಲಗಳ ಒಟ್ಟಿಲ ಮೇಲೆ ಬಿಳಿ ಪ್ಯಾಂಟಿನಲ್ಲೇ ಕುಳಿತುಬಿಟ್ಟರು.

ನೀನು ಮೇಲಿನ ರಿಷಭಕ್ಕೆ ಬಂದೆ. ಅಷ್ಟು ನನಗೆ ಕೇಳಿಸಿತು. ಅಲ್ಲೇ ನಿಂತೆ, ನಿಂತೇ ಇದ್ದೆ. ನಾನು ಬಾಗಿಲಿಗೆ ಕಿವಿ ಹಚ್ಚಿದೆ. ಅದೇ ಹೊತ್ತಿಗೆ ಸಾಲಗುಂದದ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು ನೋಡು, ಟ್ರೇಲರ್ ಧಡಧಡ, ಮೇಲೆ ಡೆಕ್ಕಿನಲ್ಲಿ ಸಿನಿಮಾ ಹಾಡು! ಅದು ದಾಟಿ ಹೋಗುವಷ್ಟರಲ್ಲಿ ಒಳಗೆ ಚಪ್ಪಾಳೆ ಬಿದ್ದಿತ್ತು.

ಎಲ್ಲರನ್ನೂ ಕೇಳಿದೆ. ದೊಡ್ಡಬಸಪ್ಪನವರು "ಭಾರಿ ಆತ್ರೀ" ಎಂದರು, ಅವರಿಗೆ ಎಲ್ಲವೂ ಭಾರಿಯೇ. ಅಶ್ವಿನಿ ಬರೀ ಅಳುತ್ತಾಳೆ. ಮೌಲಾಸಾಬರು, "ಅದನ್ನ ಆಕೀನ ಹೇಳ್ಬೇಕವ್ವಾ" ಎಂದು ಜಾರಿಕೊಂಡರು.

ಅತೀಯಾ, ಬಂತೋ?

ಸುಕನ್ಯಾ

•

ಲಿಂಗಸುಗೂರು
19 ನವೆಂಬರ್ 2024

ಸುಕ್ಕೀ,

ಒಳಗಿನದನ್ನು ಹೇಳುತ್ತೇನೆ, ಸಾವಕಾಶ ಓದು.

ನೀನು ಚಿಲಕ ಹಾಕಿದ ಸದ್ದು ಕೇಳಿಸಿತು. ಗೋದಾಮಿನೊಳಗೆ ಕಿಂಡಿಗಳ ಬೆಳಕು ಮಾತ್ರ ಉಳಿಯಿತು. ಟೀಚರ್ ನನ್ನ ಹಿಂದೆಯೇ ಕುಳಿತಿದ್ದರು, ಬಲ ಅಂಗೈ ತಂಬೂರಿಯ ಬುರುಡೆಯ ಮೇಲೆ. ಅವರ ಎಡಗಿವಿಯೂ ಹೋಗಿ ವಾರವಾಗಿತ್ತು. ನಮಗೆ ಯಾರಿಗೂ ಹೇಳಿರಲಿಲ್ಲ. ಬರುವಾಗ ಗಾಡಿಯಲ್ಲಿ ನನ್ನ ಅತ್ತೆ ಹುಸೇನ್‌ಬೀ ಏನೋ ಕೇಳಿದಾಗ ಅವರು ಬರೀ ನಗುತ್ತಿದ್ದರು, ಆಗಲೇ ನನಗೆ ತಿಳಿಯಿತು. ನಾನು ಹಾಡಲು ಹೋಗುತ್ತಿದ್ದುದು ಕೇಳಲಾರದವರಿಗೆ. ಆದರೂ ಹಾಡಿದೆ. ಹಾಡುತ್ತ ಹಾಡುತ್ತ ಬೆಳಕು ಕೆಂಪಾಯಿತು, ಕಂದಾಯಿತು, ಮುಂದೆ ಕುಳಿತವರ ಮುಖಗಳು ಅಳಿಸಿಹೋದವು.

ರಿಷಭಕ್ಕೆ ಬಂದು ನಿಂತೆ. ಕಣ್ಣು ಮುಚ್ಚಿದ್ದೆ. ಆಗ ಹೆಗಲ ಮೇಲೆ ಅದೇ ಭಾರ ಬಿತ್ತು ಸುಕ್ಕೀ. ಅದೇ ಜಾಗ. ಈ ಸಲ ನೆನಪಲ್ಲ, ನಿಜವಾದ ಭಾರ. ಬಾಗಿಲು ತೆಗೆದುಬಿಟ್ಟಳು, ಮತ್ತೆ ಶಾಲು ಹಾಕಿದರು ಎಂದುಕೊಂಡೆ. ನಿನ್ನನ್ನು ಮನಸ್ಸಿನಲ್ಲೇ ಬೈದೆ, ಬಹಳ ಕೆಟ್ಟದಾಗಿ ಬೈದೆ. ಎದ್ದುಬಿಡಬೇಕು ಎನ್ನುವಷ್ಟರಲ್ಲಿ ಹೆಗಲು ಬೆಚ್ಚಗಾಯಿತು. ಶಾಲು ಹಾಗೆ ಬೆಚ್ಚಗಿರುವುದಿಲ್ಲ. ಅದಕ್ಕೆ ಐದು ಬೆರಳಿದ್ದವು. ಒಂದು ಬಳೆ ನನ್ನ ಕೊರಳಿಗೆ ತಾಗಿತು.

ಟೀಚರ್ ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲೆ ಇಟ್ಟಿದ್ದರು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ನಾನು. ಎರಡೂ ಕೂಡುತ್ತವೋ ಇಲ್ಲವೋ ಎಂದು ಅವರು ಕಾಯುತ್ತಿದ್ದರು.

ಇಳಿದೆ.

ನನಗೆ ಆ ಸ್ವರ ಕೇಳಿಸಲೇ ಇಲ್ಲ. ನೀನು ಬೈದ ಆ ಟ್ರ್ಯಾಕ್ಟರ್ ಒಳಗೂ ಕೇಳಿಸುತ್ತಿತ್ತು, ಅದರ ಸಿನಿಮಾ ಹಾಡೂ. ಹೆಗಲ ಮೇಲಿನ ಬೆರಳುಗಳು ಮಾತ್ರ ಒಮ್ಮೆ ಗಟ್ಟಿಯಾಗಿ ಹಿಡಿದವು. ಹಿಂದಿನಿಂದ ಟೀಚರ್, ಕಿವಿ ಕೇಳದವರು ಮಾತಾಡುತ್ತಾರಲ್ಲ ಅಷ್ಟು ಜೋರಾಗಿ, ಇಡೀ ಗೋದಾಮಿಗೆ ಕೇಳುವಂತೆ, "ಬಂತು!" ಎಂದರು. ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ನೀನು ಕೇಳಿದ ಚಪ್ಪಾಳೆ ನನಗಲ್ಲ, ಅವರಿಗೆ. ನಾನು ಬಿಕ್ಕಿ ಬಿಕ್ಕಿ ಅತ್ತೆ, ಮುಂದೆ ಹಾಡಲಿಲ್ಲ. ಮೌಲಾಸಾಬರು ಒಬ್ಬರೇ ಬಹಳ ಹೊತ್ತು ಠೇಕಾ ನುಡಿಸುತ್ತ ಕುಳಿತಿದ್ದರು.

ಮಸ್ಕಿಯಲ್ಲಿ ಗಾಡಿ ಇಳಿದ ಮೇಲೆ ಟೀಚರ್ ನನ್ನ ಗದ್ದ ಹಿಡಿದು ಕೇಳಿದರು, "ಸುಕನ್ಯಾ ಕೇಳಿದ್ಲೇನು?" ಬಾಗಿಲು ಕಾಯುತ್ತಿದ್ದಳು ಎಂದು ಕೈಸನ್ನೆ ಮಾಡಿ ಹೇಳಿದೆ. ಅವರ ಮುಖ ಸಣ್ಣದಾಯಿತು. "ಹಂಗಾದ್ರ ಆಕಿದು ಬಾಕಿ ಐತಿ" ಎಂದರು.

ಮುಂದಿನ ರವಿವಾರ ಸೂರ್ಯ ಮುಳುಗುವ ಮೊದಲು ಮಸ್ಕಿಗೆ ಬಾ, ನೀಲಿ ಬಾಗಿಲಿಗೆ. ಟೀಚರ್ ತಂಬೂರಿಯ ತಂತಿ ಬದಲಿಸಿ ಇಟ್ಟಿದ್ದಾರೆ. ನುಡಿಸುವವಳು ನೀನೇ. ನಾನು ನಿನಗೊಬ್ಬಳಿಗೇ ಹಾಡುತ್ತೇನೆ, ಮುಗಿಯುವವರೆಗೆ ಇಳಿಸಬೇಡ.

ನಿನ್ನ ನಂಬರನ್ನು ಬ್ಲಾಕಿನಿಂದ ಬಿಡಿಸಿದ್ದೇನೆ. ಫೋನ್ ಮಾಡಬೇಡ, ಬಾ.

ನಿನ್ನ,
ಅತೀಯಾ